ಹೈಡ್ರೊಕಾರ್ಬನ್ ಅನಿಲಗಳಿಂದ ಆಕ್ಸಿಜನ್ ನಿವಾರಿಸುವ ಲೋಹ ಕ್ರಿಯಾವರ್ಧಕಗಳು

ಮೀಥೇನ್, ಎಥಿಲೀನ್, ಪ್ರೊಪಿಲೀನ್ ಮುಂತಾದ ಹೈಡ್ರೊಕಾರ್ಬನ್ ಅನಿಲಗಳಲ್ಲಿ ಅಲ್ಪ ಪ್ರಮಾಣದಲ್ಲಿ ಬೆರೆತಿರುವ ಆಕ್ಸಿಜನ್ನನ್ನು, ಅದೇ ಪ್ರವಾಹದಲ್ಲಿರುವ ಅಥವಾ ಹೊರಗಿನಿಂದ ಸೇರಿಸಿದ ಒಂದು ದಹ್ಯ ಘಟಕದೊಂದಿಗೆ ಜ್ವಾಲೆಯಿಲ್ಲದೆ ಕೂಡಿಸಿ ನೀರು ಮತ್ತು ಕಾರ್ಬನ್ ಡೈಆಕ್ಸೈಡ್‌ಗಳಾಗಿ ಮಾರ್ಪಡಿಸುವ ಲೋಹಯುಕ್ತ ಘನವಸ್ತುಗಳಿಗೆ ಆಕ್ಸಿಜನ್ ನಿವಾರಕ ಲೋಹ ಕ್ರಿಯಾವರ್ಧಕಗಳೆಂದು ಹೆಸರು. ಕ್ರಿಯಾವರ್ಧಕವೆಂದರೆ ತಾನು ವ್ಯಯವಾಗದೆ ರಾಸಾಯನಿಕ ಕ್ರಿಯೆಯ ವೇಗವನ್ನು ಹೆಚ್ಚಿಸುವ ವಸ್ತು. ಆಕ್ಸಿಜನ್ನನ್ನು ಆಕ್ಸೈಡ್ ರೂಪದಲ್ಲಿ ತನ್ನಲ್ಲೇ ಹಿಡಿದಿಟ್ಟುಕೊಂಡು ಕಾಲಕಾಲಕ್ಕೆ ಪುನಶ್ಚೇತನವನ್ನು ಬೇಡುವ ಅಪಕರ್ಷಿತ (ಆಕ್ಸಿಜನ್ ಕಳೆದು ಲೋಹರೂಪಕ್ಕೆ ತಂದ) ತಾಮ್ರದಂಥ ವಸ್ತುಗಳು ಈ ಅರ್ಥದಲ್ಲಿ ಕ್ರಿಯಾವರ್ಧಕಗಳಲ್ಲ, ಶೋಷಕಗಳು. ಆದರೆ ಪ್ರವಾಹದಲ್ಲಿ ಹೈಡ್ರೊಜನ್ ಇದ್ದರೆ ಅದೇ ತಾಮ್ರ ನಿಜವಾದ ಕ್ರಿಯಾವರ್ಧಕವಾಗಿಯೂ ವರ್ತಿಸುವುದರಿಂದ ಎರಡನ್ನೂ ಒಂದೇ ಶೀರ್ಷಿಕೆಯಡಿ ವಿವರಿಸುವುದು ರೂಢಿ.

ಇಂಥ ಕ್ರಿಯಾವರ್ಧಕದ ಮುಂದಿರುವ ಮುಖ್ಯ ಸಮಸ್ಯೆ ವೇಗದ್ದಲ್ಲ, ಆಯ್ಕೆಗುಣದ್ದು. ಸಂಭವನೀಯವಾದ ಅನೇಕ ಕ್ರಿಯೆಗಳಲ್ಲಿ ಬೇಕಾದ ಒಂದನ್ನೇ ಮುಂದುವರಿಸುವ ಗುಣಕ್ಕೆ ಆಯ್ಕೆಗುಣವೆನ್ನುತ್ತಾರೆ. ಪ್ರವಾಹದ ನೂರಕ್ಕೆ ತೊಂಬತ್ತೊಂಬತ್ತು ಭಾಗವೂ ದಹ್ಯವಾಗಿರುವಾಗ ಉಳಿದ ಒಂದು ಭಾಗ ಆಕ್ಸಿಜನ್ನನ್ನು ದಶಲಕ್ಷಕ್ಕೆ ಕೆಲವೇ ಭಾಗಗಳ ಮಟ್ಟಕ್ಕೆ ಇಳಿಸಬೇಕು, ಅದೇ ವೇಳೆ ಬೆಲೆಬಾಳುವ ಹೈಡ್ರೊಕಾರ್ಬನ್ ಹಾಳಾಗಬಾರದು, ಇಂಗಾಲ ಶೇಖರವಾಗಬಾರದು, ತಾಪ ಕೈಮೀರಬಾರದು. ಈ ಎಲ್ಲ ಷರತ್ತುಗಳನ್ನು ಪೂರೈಸುವ ಏಕೈಕ ಲೋಹವಿಲ್ಲ. ಯಾವ ಅನಿಲಕ್ಕೆ ಯಾವ ಲೋಹ ಎಂಬುದನ್ನು ಆ ಅನಿಲದ ಸಂಯೋಜನೆಯೇ ನಿರ್ಧರಿಸುತ್ತದೆ.

ಆಕ್ಸಿಜನ್ನಿನ ಮೂಲ ಮತ್ತು ಅದರಿಂದಾಗುವ ಹಾನಿ

ಭೂಗರ್ಭದಿಂದ ನೇರವಾಗಿ ಬರುವ ನೈಸರ್ಗಿಕ ಅನಿಲದಲ್ಲಿ ಆಕ್ಸಿಜನ್ ಇರುವುದಿಲ್ಲವೆಂದೇ ಹೇಳಬಹುದು. ಅನಿಲಗಳಲ್ಲಿ ಕಂಡುಬರುವ ಆಕ್ಸಿಜನ್ ಬಹುಪಾಲು ವಾಯುವಿನಿಂದ ಸೇರಿದ್ದು. ಕಸದ ರಾಶಿಗಳಿಂದ ನಿರ್ವಾತ ಪಂಪುಗಳ ಮೂಲಕ ಅನಿಲವನ್ನು ಎಳೆಯುವಾಗ ಮಣ್ಣಿನ ಹೊದಿಕೆಯ ಬಿರುಕುಗಳಿಂದ ವಾಯುವೂ ಒಳಬರುತ್ತದೆ. ಜೈವಿಕ ಅನಿಲದ ಸ್ಥಾವರಗಳಲ್ಲಿ ಹೈಡ್ರೊಜನ್ ಸಲ್ಫೈಡನ್ನು ಸೂಕ್ಷ್ಮಾಣುಗಳ ನೆರವಿನಿಂದ ಗಂಧಕವಾಗಿ ಮಾರ್ಪಡಿಸಲು ಬೇಕೆಂದೇ ಸ್ವಲ್ಪ ವಾಯುವನ್ನು ಊದುವುದುಂಟು. ಕೆಲಸ ನಡೆಯುತ್ತಿರುವ ಕಲ್ಲಿದ್ದಲು ಗಣಿಗಳಿಂದ ಹೊರಗೆಳೆಯುವ ಮೀಥೇನ್‌ನಲ್ಲಿ ವಾಯುವಿನ ಪ್ರಮಾಣ ಇನ್ನೂ ಹೆಚ್ಚು. ತೈಲ ಶುದ್ಧೀಕರಣಾಗಾರಗಳ ದ್ರವೀಕೃತ ಹಾಸಿನ ಭಂಜನ ಘಟಕದಲ್ಲಿ, ಅಂದರೆ ಭಾರವಾದ ತೈಲವನ್ನು ಬಿಸಿ ಕ್ರಿಯಾವರ್ಧಕದ ಪುಡಿಯ ಮೇಲೆ ಹಾಯಿಸಿ ಹಗುರ ಅಣುಗಳಾಗಿ ಒಡೆಯುವ ಘಟಕದಲ್ಲಿ, ಪುಡಿಯ ಮೇಲಿನ ಇಂಗಾಲವನ್ನು ವಾಯುವಿನಲ್ಲಿ ಸುಟ್ಟು ಮರಳಿ ತರುವಾಗ ಅದರ ಜೊತೆ ಆಕ್ಸಿಜನ್ ಮತ್ತು ನೈಟ್ರೊಜನ್ ಆಕ್ಸೈಡುಗಳು ಉತ್ಪನ್ನ ಅನಿಲಕ್ಕೆ ದಾಟುತ್ತವೆ. ಈಥೇನನ್ನು ಆಕ್ಸಿಜನ್ನಿನ ಸಹಾಯದಿಂದ ಎಥಿಲೀನ್ ಮಾಡುವ ಉತ್ಕರ್ಷಕ ನಿರ್ಹೈಡ್ರೊಜನೀಕರಣ ಮತ್ತು ಮೀಥೇನ್ ಅಣುಗಳನ್ನು ಜೋಡಿಸುವ ಉತ್ಕರ್ಷಕ ಯುಗ್ಮನ ಎಂಬ ವಿಧಾನಗಳಲ್ಲಿ ವ್ಯಯವಾಗದೆ ಉಳಿದ ಆಕ್ಸಿಜನ್ ಇನ್ನೊಂದು ಮೂಲ.

ಹಾನಿಯ ಸ್ವರೂಪ ಅನಿಲದ ಬಳಕೆಯನ್ನು ಅವಲಂಬಿಸಿದೆ. ತೇವವಿರುವ ಉಕ್ಕಿನ ಕೊಳವೆಗಳಲ್ಲಿ ಆಕ್ಸಿಜನ್ ತುಕ್ಕಿಗೆ ಕಾರಣವಾಗುತ್ತದೆ; ಹೈಡ್ರೊಜನ್ ಸಲ್ಫೈಡ್ ಜೊತೆಗಿದ್ದರೆ ಗಂಧಕದ ಪುಡಿ ಕವಾಟಗಳಲ್ಲಿ ಶೇಖರವಾಗುತ್ತದೆ. ಆಮ್ಲೀಯ ಅನಿಲಗಳನ್ನು ತೊಳೆಯುವ ಅಮೀನ್ ದ್ರಾವಣವನ್ನು ಆಕ್ಸಿಜನ್ ವಿಘಟಿಸಿ ಸಾವಯವ ಆಮ್ಲಗಳನ್ನು ಉಂಟುಮಾಡುತ್ತದೆ. ಅನಿಲವನ್ನು ಒಣಗಿಸುವ ಅಣುಜರಡಿಗಳನ್ನು ಬಿಸಿಮಾಡಿ ಪುನಶ್ಚೇತನಗೊಳಿಸುವಾಗ ಆಕ್ಸಿಜನ್ ಅಲ್ಲಿಯೇ ಹೈಡ್ರೊಕಾರ್ಬನ್ನನ್ನು ಸುಟ್ಟು ನೀರನ್ನು ಹುಟ್ಟಿಸುವುದರಿಂದ ಒಣಗಿಸುವ ಕ್ರಿಯೆಯೇ ವಿಫಲವಾಗುತ್ತದೆ. ಬ್ಯೂಟಡೈಈನ್ ಇರುವ ಪ್ರವಾಹಗಳಲ್ಲಿ ಪೆರಾಕ್ಸೈಡುಗಳೂ ಕೊಳವೆಗಳನ್ನು ಬಿರಿಯಿಸಬಲ್ಲ ಗಟ್ಟಿ ಪಾಲಿಮರ್ ಮುದ್ದೆಗಳೂ ಬೆಳೆಯುತ್ತವೆ. ಶುದ್ಧೀಕರಣಾಗಾರದ ಅನಿಲವನ್ನು ಅತಿಶೀತದಲ್ಲಿ ಬೇರ್ಪಡಿಸುವ ಕಡೆ ನೈಟ್ರಿಕ್ ಆಕ್ಸೈಡ್ ಆಕ್ಸಿಜನ್ನೊಂದಿಗೆ ಕೂಡಿ ಬ್ಯೂಟಡೈಈನ್‌ನಂಥ ಡೈಈನ್‌ಗಳ ಜೊತೆ ಅಂಟುಪದಾರ್ಥವಾಗಿ ಶೇಖರಗೊಳ್ಳುತ್ತದೆ. ಘಟಕವನ್ನು ಬೆಚ್ಚಗಾಗಿಸಿದಾಗ ಈ ಅಂಟು ಸ್ಫೋಟಿಸಬಲ್ಲದು.

ಪಾಲಿಮರ್ ಉದ್ಯಮದಲ್ಲಿ ಆಕ್ಸಿಜನ್ನಿನ ಪಾತ್ರ ವಿಶೇಷ ಗಮನಕ್ಕೆ ಅರ್ಹವಾದುದು. 1933ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯ ಪ್ರಯೋಗಾಲಯದಲ್ಲಿ ಅಧಿಕ ಒತ್ತಡದ ಎಥಿಲೀನ್ ಬಿಳಿಯ ಮೇಣದಂಥ ಪಾಲಿಥೀನ್ ಆಗಿ ಮಾರ್ಪಟ್ಟದ್ದಕ್ಕೆ ಅನಿಲದಲ್ಲಿದ್ದ ಲೇಶ ಆಕ್ಸಿಜನ್ನೇ ಕಾರಣವೆಂಬುದು ಮುಂದೆ ತಿಳಿಯಿತು. ಇಪ್ಪತ್ತು ವರ್ಷಗಳ ನಂತರ ಜರ್ಮನಿಯ ಕಾರ್ಲ್ ತ್ಸೀಗ್ಲರ್ ಮತ್ತು ಇಟಲಿಯ ಜೂಲಿಯೊ ನಾಟ್ಟಾ ರೂಪಿಸಿದ ಲೋಹ-ಸಾವಯವ ಕ್ರಿಯಾವರ್ಧಕಗಳಿಗಾದರೋ ಅದೇ ಆಕ್ಸಿಜನ್ ವಿಷವಾಯಿತು. ಇಂದಿನ ಪಾಲಿಮರ್ ದರ್ಜೆಯ ಎಥಿಲೀನ್ ಮತ್ತು ಪ್ರೊಪಿಲೀನ್‌ಗಳಲ್ಲಿ ಆಕ್ಸಿಜನ್ ದಶಲಕ್ಷಕ್ಕೆ ಕೆಲವು ಭಾಗಗಳನ್ನು (ಇನ್ನು ಮುಂದೆ ಪಿಪಿಎಂ) ಮೀರಬಾರದೆಂಬ ಕಟ್ಟುನಿಟ್ಟು ಹುಟ್ಟಿದ್ದು ಇಲ್ಲಿಂದ.

ಚರಿತ್ರೆ

ಆಕ್ಸಿಜನ್ ನಿವಾರಣೆಯ ಚರಿತ್ರೆ ಕ್ರಿಯಾವರ್ಧನದ ಚರಿತ್ರೆಯಷ್ಟೇ ಹಳೆಯದು. ಗಣಿಗಳ ಸುರಕ್ಷಾದೀಪದ ಬಗ್ಗೆ ಪ್ರಯೋಗ ನಡೆಸುತ್ತಿದ್ದ ಹಂಫ್ರಿ ಡೇವಿ, ಕಲ್ಲಿದ್ದಲ ಅನಿಲ ಮತ್ತು ವಾಯುಗಳ ಮಿಶ್ರಣದಲ್ಲಿ ಬಿಸಿಮಾಡಿದ ಪ್ಲಾಟಿನಮ್ ತಂತಿ ಜ್ವಾಲೆಯಿಲ್ಲದೆಯೇ ಕೆಂಪಗೆ ಬೆಳಗುತ್ತಿರುವುದನ್ನು ಕಂಡು 1817ರಲ್ಲಿ ಪ್ರಕಟಿಸಿದ. ಯೇನಾ ನಗರದ ಯೋಹಾನ್ ವೋಲ್ಫ್‌ಗಾಂಗ್ ಡೋಬರೈನರ್ 1823ರಲ್ಲಿ ಸ್ಪಂಜಿನಂಥ ಪ್ಲಾಟಿನಮ್ ಮೇಲೆ ಹೈಡ್ರೊಜನ್ ಕೋಣೆಯ ತಾಪದಲ್ಲೇ ಹೊತ್ತಿಕೊಳ್ಳುವುದನ್ನು ತೋರಿಸಿದ. ಮರುವರ್ಷ ವಿಲಿಯಂ ಹೆನ್ರಿ ಈ ಗುಣವನ್ನು ಅನಿಲಮಿಶ್ರಣಗಳ ವಿಶ್ಲೇಷಣೆಗೆ ಅನ್ವಯಿಸಿ, ಪ್ಲಾಟಿನಮ್ ಮೇಲೆ ಬೇರೆ ಬೇರೆ ಅನಿಲಗಳು ಬೇರೆ ಬೇರೆ ತಾಪಗಳಲ್ಲಿ ಆಕ್ಸಿಜನ್ನೊಂದಿಗೆ ಕೂಡುತ್ತವೆಂದೂ ಮೀಥೇನ್ ಅವೆಲ್ಲಕ್ಕಿಂತ ಹಟಮಾರಿಯೆಂದೂ ಸ್ಪಷ್ಟಪಡಿಸಿದ. ಇಂದಿನ ಆಯ್ಕೆಗುಣದ ಕಲ್ಪನೆ ಬೀಜರೂಪದಲ್ಲಿ ಅಲ್ಲಿಯೇ ಇದೆ. ಮೈಕೆಲ್ ಫ್ಯಾರಡೆ 1834ರಲ್ಲಿ ಹೈಡ್ರೊಜನ್ ಮತ್ತು ಆಕ್ಸಿಜನ್‌ಗಳ ಸಂಯೋಗವನ್ನು ಎಥಿಲೀನ್ ಹಾಗೂ ಕಾರ್ಬನ್ ಮೊನಾಕ್ಸೈಡ್‌ಗಳು ತಡೆಯುವುದನ್ನು ದಾಖಲಿಸಿದ. ಬೆರ್ಸೀಲಿಯಸ್ 1835ರಲ್ಲಿ ಇಂಥ ವಿದ್ಯಮಾನಗಳಿಗೆಲ್ಲ ಕ್ಯಾಟಲಿಸಿಸ್ ಎಂಬ ಸಾಮಾನ್ಯ ಹೆಸರನ್ನು ಕೊಟ್ಟ. ಫ್ಯಾರಡೆ ಕಂಡ ತಡೆ ಏಕೆ ಉಂಟಾಗುತ್ತದೆಂಬುದಕ್ಕೆ ತೃಪ್ತಿಕರ ವಿವರಣೆ ದೊರೆಯಲು 1922ರ ವರೆಗೆ ಕಾಯಬೇಕಾಯಿತು. ಆ ವರ್ಷ ಅರ್ವಿಂಗ್ ಲಾಂಗ್‌ಮ್ಯೂರ್, ಕಾರ್ಬನ್ ಮೊನಾಕ್ಸೈಡ್ ಪ್ಲಾಟಿನಮ್‌ನ ಮೇಲ್ಮೈಯನ್ನು ಆವರಿಸಿ ಆಕ್ಸಿಜನ್ನಿಗೆ ಸ್ಥಳವಿಲ್ಲದಂತೆ ಮಾಡುತ್ತದೆಂದು ತೋರಿಸಿದ.

ಪ್ರಯೋಗಾಲಯದ ಅನಿಲಗಳನ್ನು ಶುದ್ಧೀಕರಿಸಲು ಮೊದಮೊದಲು ಕೆಂಪಗೆ ಕಾಯಿಸಿದ ತಾಮ್ರದ ಸುರುಳಿಗಳನ್ನು ಬಳಸುತ್ತಿದ್ದರು. 1939ರಲ್ಲಿ ಜರ್ಮನಿಯ ಮೈಯರ್ ಮತ್ತು ರೋಂಗೆ ಎಂಬ ವಿಜ್ಞಾನಿಗಳು ಸೂಕ್ಷ್ಮರಂಧ್ರಗಳುಳ್ಳ ಕೀಸೆಲ್‌ಗೂರ್ ಮಣ್ಣಿನ ಮೇಲೆ ಸೂಕ್ಷ್ಮವಾಗಿ ಹರಡಿದ ಸಕ್ರಿಯ ತಾಮ್ರ ಅದಕ್ಕಿಂತ ಬಹಳ ಕಡಿಮೆ ತಾಪದಲ್ಲೇ ಆಕ್ಸಿಜನ್ನನ್ನು ಹೀರುತ್ತದೆಂದು ವರದಿಮಾಡಿದರು. ಇಂದಿನ ತಾಮ್ರ ಶೋಷಕಗಳು ಆ ಕೃತಿಯ ನೇರ ಸಂತತಿ. ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಅಲ್ಯೂಮಿನ ಗುಳಿಗೆಗಳ ಮೇಲೆ ಲೇಪಿಸಿದ ಪಲ್ಲೇಡಿಯಮ್ ಉಪಕರಣಗಳು ಡಿಆಕ್ಸೊ ಎಂಬ ವ್ಯಾಪಾರನಾಮದಲ್ಲಿ ಪ್ರಸಿದ್ಧವಾದವು. ಕಾರ್ಖಾನೆಗಳಲ್ಲಿ ಆಕ್ಸಿಜನ್ ನಿವಾರಕ ಘಟಕವನ್ನು, ತಯಾರಕರು ಯಾರೇ ಆಗಿರಲಿ, ಇಂದಿಗೂ ಡಿಆಕ್ಸೊ ಎಂದೇ ಕರೆಯುವುದುಂಟು.

ರಾಸಾಯನಿಕ ಆಧಾರ

ಆಕ್ಸಿಜನ್ ಅಣು ಲೋಹದ ಮೇಲ್ಮೈಗೆ ಅಂಟಿಕೊಂಡು (ಈ ಅಂಟುವಿಕೆಗೆ ಅಧಿಶೋಷಣೆ ಎಂದು ಹೆಸರು) ಎರಡು ಪರಮಾಣುಗಳಾಗಿ ಒಡೆಯುವುದು ಮೊದಲ ಹಂತ. ದಹ್ಯ ಅಣು ಪಕ್ಕದ ಸ್ಥಾನದಲ್ಲಿ ಅಂಟಿಕೊಂಡು ಆ ಪರಮಾಣುವಿನೊಂದಿಗೆ ಕೂಡುವುದು ಎರಡನೆಯ ಹಂತ. ಪ್ಲಾಟಿನಮ್ ಮತ್ತು ಪಲ್ಲೇಡಿಯಮ್‌ಗಳ ಮೇಲೆ ಸಾಮಾನ್ಯವಾಗಿ ಈ ಕ್ರಮವೇ ನಡೆಯುತ್ತದೆ. ಲೋಹದ ಆಕ್ಸೈಡುಗಳಲ್ಲಿ ಬೇರೊಂದು ಕ್ರಮವಿದೆ: ದಹ್ಯ ಅಣು ಆಕ್ಸೈಡಿನ ಜಾಲಕದಿಂದಲೇ ಆಕ್ಸಿಜನ್ ಪರಮಾಣುವನ್ನು ಕಿತ್ತುಕೊಳ್ಳುತ್ತದೆ, ತೆರವಾದ ಸ್ಥಾನವನ್ನು ಅನಿಲದ ಆಕ್ಸಿಜನ್ ತುಂಬುತ್ತದೆ. ನೆದರ್ಲೆಂಡ್ಸಿನ ಮಾರ್ಸ್ ಮತ್ತು ವಾನ್ ಕ್ರೆವೆಲನ್ 1954ರಲ್ಲಿ ವಿವರಿಸಿದ ಈ ಕ್ರಿಯಾವಿಧಾನ ಮ್ಯಾಂಗನೀಸ್, ತಾಮ್ರ, ಸೀರಿಯಮ್ ಆಕ್ಸೈಡುಗಳಿಗೆ ಅನ್ವಯಿಸುತ್ತದೆ.

ಯಾವ ದಹ್ಯ ಘಟಕ ಲಭ್ಯವಿದೆ ಎಂಬುದರ ಮೇಲೆ ಕಾರ್ಯತಾಪ ನಿಂತಿದೆ. ಹೈಡ್ರೊಜನ್ ಇದ್ದರೆ ಪಲ್ಲೇಡಿಯಮ್ ಅಥವಾ ಪ್ಲಾಟಿನಮ್ ಕೋಣೆಯ ತಾಪದಲ್ಲೇ ಕೆಲಸ ಆರಂಭಿಸುತ್ತದೆ. ಕಾರ್ಬನ್ ಮೊನಾಕ್ಸೈಡಿಗೆ ಸುಮಾರು 100ರಿಂದ 200 ಡಿಗ್ರಿ ಸೆಲ್ಸಿಯಸ್, ಎಥಿಲೀನ್ ಮತ್ತು ಪ್ರೊಪಿಲೀನ್‌ಗಳಿಗೆ ಅದಕ್ಕಿಂತ ತುಸು ಹೆಚ್ಚು, ಮೀಥೇನಿಗೆ ಸಾಮಾನ್ಯವಾಗಿ 300 ಡಿಗ್ರಿಗೂ ಮೇಲ್ಪಟ್ಟ ತಾಪ ಬೇಕು. ಮೀಥೇನಿನ ಹಟಕ್ಕೆ ಕಾರಣ ಅದರ ಮೊದಲ ಕಾರ್ಬನ್–ಹೈಡ್ರೊಜನ್ ಬಂಧದ ಬಲ. ಅದನ್ನು ಮುರಿಯಲು ಮೋಲಿಗೆ ಸುಮಾರು 439 ಕಿಲೊಜೂಲ್ ಶಕ್ತಿ ಬೇಕು, ಅಣುವಿಗೆ ಧ್ರುವೀಯತೆಯಾಗಲಿ ದ್ವಿಬಂಧವಾಗಲಿ ಇಲ್ಲದ್ದರಿಂದ ಲೋಹಕ್ಕೆ ಅದನ್ನು ಹಿಡಿಯುವ ಹಿಡಿಕೆಯೇ ಇಲ್ಲ.

ಮೀಥೇನ್ ಹೆಚ್ಚಾಗಿದ್ದು ಆಕ್ಸಿಜನ್ ಕಡಿಮೆಯಿರುವ ಸ್ಥಿತಿ, ವಾಯುವಿನಲ್ಲಿ ಮೀಥೇನ್ ಅಲ್ಪವಿರುವ ಸಾಮಾನ್ಯ ದಹನದ ಸ್ಥಿತಿಗೆ ತದ್ವಿರುದ್ಧವಾದುದು. ಆದ್ದರಿಂದ ಅಲ್ಲಿ ಗಳಿಸಿದ ಅನುಭವವನ್ನು ಇಲ್ಲಿಗೆ ಹಾಗೆಯೇ ತರಲಾಗದು. ಆಕ್ಸಿಜನ್ ಸಮೃದ್ಧವಾಗಿರುವಾಗ ಪಲ್ಲೇಡಿಯಮ್ ಆಕ್ಸೈಡ್ ರೂಪದಲ್ಲಿದ್ದು ಮೀಥೇನ್ ದಹನಕ್ಕೆ ಅತ್ಯುತ್ತಮ ಕ್ರಿಯಾವರ್ಧಕವಾಗಿರುತ್ತದೆ; ಪ್ಲಾಟಿನಮ್‌ನ ಮೇಲ್ಮೈಯಾದರೋ ಆಕ್ಸಿಜನ್ ಪರಮಾಣುಗಳಿಂದ ಪೂರ್ತಿ ಮುಚ್ಚಿಹೋಗಿ ಮೀಥೇನಿಗೆ ಪ್ರವೇಶ ಕೊಡದೆ ಹಿಂದುಳಿಯುತ್ತದೆ. ಆಕ್ಸಿಜನ್ ವಿರಳವಾದಾಗ ಪಲ್ಲೇಡಿಯಮ್ ಆಕ್ಸೈಡ್ ಅಪಕರ್ಷಣಗೊಂಡು ತನ್ನ ವಿಶೇಷ ಗುಣವನ್ನು ಕಳೆದುಕೊಂಡರೆ, ಪ್ಲಾಟಿನಮ್ ಮೇಲ್ಮೈಯಲ್ಲಿ ಖಾಲಿ ಸ್ಥಾನಗಳು ತೆರೆದು ಅದರ ಚಟುವಟಿಕೆ ಏರುತ್ತದೆ. ಕ್ರಿಯಾವರ್ಧಕದ ಹಾಸಿನ ಪ್ರವೇಶದ್ವಾರದಲ್ಲಿ ಆಕ್ಸಿಜನ್ ಹೆಚ್ಚು, ನಿರ್ಗಮದಲ್ಲಿ ಲೇಶಮಾತ್ರ. ಹೀಗಾಗಿ ಒಂದೇ ಹಾಸಿನ ಎರಡು ತುದಿಗಳಲ್ಲಿ ಒಂದೇ ಲೋಹ ಎರಡು ಸ್ಥಿತಿಗಳಲ್ಲಿರುತ್ತದೆ. ಪ್ಲಾಟಿನಮ್ ಮತ್ತು ಪಲ್ಲೇಡಿಯಮ್ ಎರಡನ್ನೂ ಕೂಡಿಸಿ ಬಳಸುವ ರೂಢಿಗೆ ಇದೊಂದು ಸಮರ್ಥನೆ.

ಆಕ್ಸಿಜನ್ ಮುಗಿದ ನಂತರದ ಭಾಗದಲ್ಲಿ ಬಿಸಿಯಾದ ಲೋಹ ಸುಮ್ಮನಿರುವುದಿಲ್ಲ. ಮೀಥೇನ್ ನೀರಿನ ಆವಿ ಹಾಗೂ ಕಾರ್ಬನ್ ಡೈಆಕ್ಸೈಡ್‌ಗಳೊಂದಿಗೆ ವರ್ತಿಸಿ ಹೈಡ್ರೊಜನ್ ಮತ್ತು ಕಾರ್ಬನ್ ಮೊನಾಕ್ಸೈಡ್ ಕೊಡಬಹುದು, ಅಥವಾ ನೇರವಾಗಿ ವಿಘಟಿಸಿ ಇಂಗಾಲವನ್ನು ಶೇಖರಿಸಬಹುದು. ನಿಕ್ಕಲ್ ಈ ಎರಡೂ ಕೆಲಸಗಳಲ್ಲಿ ಚುರುಕಾದ ಲೋಹವಾದ್ದರಿಂದಲೇ ಮೀಥೇನ್ ಸಮೃದ್ಧ ಪ್ರವಾಹಗಳಲ್ಲಿ ಅದನ್ನು ಶುದ್ಧ ಲೋಹರೂಪದಲ್ಲಿ ಬಳಸುವುದು ಅಪರೂಪ.

ಉಷ್ಣದ ಲೆಕ್ಕ

ಆಕ್ಸಿಜನ್ನನ್ನು ನಿವಾರಿಸುವ ಕ್ರಿಯೆಗಳೆಲ್ಲ ಬಹಿರುಷ್ಣಕ, ಅಂದರೆ ಉಷ್ಣವನ್ನು ಹೊರಹಾಕುವಂಥವು. ಒಂದು ಮೋಲ್ ಮೀಥೇನ್ ಎರಡು ಮೋಲ್ ಆಕ್ಸಿಜನ್ನಿನೊಂದಿಗೆ ಪೂರ್ಣವಾಗಿ ಉರಿದಾಗ ಸುಮಾರು 802 ಕಿಲೊಜೂಲ್, ಅಂದರೆ ಆಕ್ಸಿಜನ್ನಿನ ಪ್ರತಿ ಮೋಲಿಗೆ 401 ಕಿಲೊಜೂಲ್ ಉಷ್ಣ ಬಿಡುಗಡೆಯಾಗುತ್ತದೆ. ಹೈಡ್ರೊಜನ್ ಬಳಸಿದರೆ ಅದು 484, ಕಾರ್ಬನ್ ಮೊನಾಕ್ಸೈಡಾದರೆ 566 ಕಿಲೊಜೂಲ್. ಮೀಥೇನಿನಲ್ಲಿ ಶೇ. 1ರಷ್ಟು ಆಕ್ಸಿಜನ್ ಉರಿದರೆ ಪ್ರವಾಹದ ತಾಪ ಸುಮಾರು 80 ಡಿಗ್ರಿ ಏರುತ್ತದೆಂದು ಇದರಿಂದ ಲೆಕ್ಕಹಾಕಬಹುದು. ಶೇ. 3 ಆಕ್ಸಿಜನ್ ಇರುವ ಅನಿಲ 350 ಡಿಗ್ರಿಯಲ್ಲಿ ಒಳಹೊಕ್ಕರೆ 600 ಡಿಗ್ರಿಯ ಆಸುಪಾಸಿನಲ್ಲಿ ಹೊರಬರುತ್ತದೆ. ಗಣಿ ಅನಿಲದಂತೆ ಶೇ. 10 ಆಕ್ಸಿಜನ್ ಇದ್ದರೆ ಈ ಕ್ರಿಯಾವರ್ಧಕಗಳು ತಾಳಲಾರದ ತಾಪ ಉಂಟಾಗುತ್ತದೆ. ಅಂಥ ಕಡೆ ಶುದ್ಧಗೊಂಡು ತಣಿದ ಅನಿಲದ ಒಂದು ಪಾಲನ್ನು ಹಿಂದಕ್ಕೆ ತಂದು ಕಚ್ಚಾ ಅನಿಲಕ್ಕೆ ಬೆರೆಸಿ ಆಕ್ಸಿಜನ್ನಿನ ಸಾಂದ್ರತೆಯನ್ನು ಇಳಿಸುತ್ತಾರೆ, ಇಲ್ಲವೆ ಎರಡು ಮೂರು ಹಾಸುಗಳನ್ನು ಸರಣಿಯಲ್ಲಿಟ್ಟು ನಡುವೆ ತಂಪುಗೊಳಿಸುತ್ತಾರೆ.

ಕಳೆದುಹೋಗುವ ಇಂಧನದ ಲೆಕ್ಕವೂ ಹೀಗೆಯೇ ಸರಳ. ಒಂದು ಘನ ಅಳತೆ ಆಕ್ಸಿಜನ್ನಿಗೆ ಅರ್ಧ ಅಳತೆ ಮೀಥೇನ್, ಮೂರನೆಯ ಒಂದು ಅಳತೆ ಎಥಿಲೀನ್ ಅಥವಾ ಎರಡು ಅಳತೆ ಹೈಡ್ರೊಜನ್ ವ್ಯಯವಾಗುತ್ತದೆ. ಹುಟ್ಟುವ ನೀರನ್ನು ಒಣಗಿಸುವ ಮತ್ತು ಕಾರ್ಬನ್ ಡೈಆಕ್ಸೈಡನ್ನು ತೊಳೆಯುವ ಘಟಕಗಳು ಕ್ರಿಯಾವರ್ಧಕದ ನಂತರ ಇರಲೇಬೇಕಾದ್ದರಿಂದ ಆಕ್ಸಿಜನ್ ನಿವಾರಣೆಯ ಸ್ಥಾನ ಶುದ್ಧೀಕರಣದ ಸರಪಳಿಯಲ್ಲಿ ಅವುಗಳಿಗಿಂತ ಮುಂಚಿನದು.

ಕ್ರಿಯಾವರ್ಧಕದ ರಚನೆ

ಬೆಲೆಬಾಳುವ ಲೋಹವನ್ನು ಗಟ್ಟಿಯಾಗಿ ಬಳಸಿದರೆ ಒಳಗಿನ ಪರಮಾಣುಗಳೆಲ್ಲ ವ್ಯರ್ಥ. ಆದ್ದರಿಂದ ಕೆಲವು ನ್ಯಾನೊಮೀಟರ್ ಗಾತ್ರದ ಲೋಹಕಣಗಳನ್ನು ಆಧಾರಕವೆಂಬ ರಂಧ್ರಮಯ ಆಕ್ಸೈಡಿನ ಮೇಲೆ ಹರಡುತ್ತಾರೆ. ಗಾಮಾ ಅಲ್ಯೂಮಿನ ಅತ್ಯಂತ ಸಾಮಾನ್ಯ ಆಧಾರಕ. ಅದರ ಒಂದು ಗ್ರಾಮಿನ ಒಳ ಮೇಲ್ಮೈ ನೂರಾರು ಚದರ ಮೀಟರ್‌ಗಳಷ್ಟಿರುತ್ತದೆ. ಸಿಲಿಕ, ಟೈಟಾನಿಯ, ಜಿರ್ಕೋನಿಯ, ಸೀರಿಯ ಇತರ ಆಧಾರಕಗಳು. ಲೋಹದ ಲವಣದ ದ್ರಾವಣದಲ್ಲಿ ಆಧಾರಕವನ್ನು ನೆನೆಸಿ, ಒಣಗಿಸಿ, ಕಾಸಿ, ಕೊನೆಗೆ ಹೈಡ್ರೊಜನ್‌ನಲ್ಲಿ ಅಪಕರ್ಷಿಸುವುದು ಸಾಮಾನ್ಯ ತಯಾರಿಕಾ ಕ್ರಮ. ಆಧಾರಕವೂ ಲೋಹವೂ ಅಲ್ಲದೆ, ಸ್ವತಃ ನಿಷ್ಕ್ರಿಯವಾಗಿದ್ದರೂ ಲೋಹದ ಗುಣವನ್ನು ತಿದ್ದುವ ಪೊಟ್ಯಾಸಿಯಮ್, ಲ್ಯಾಂಥನಮ್, ಬೆಳ್ಳಿಯಂಥ ಘಟಕಗಳಿಗೆ ಉತ್ತೇಜಕಗಳೆಂದು ಹೆಸರು.

ಕ್ರಿಯೆ ವೇಗವಾಗಿರುವಾಗ ಅನಿಲ ಗುಳಿಗೆಯ ಒಳಭಾಗವನ್ನು ತಲಪುವ ಮುನ್ನವೇ ಆಕ್ಸಿಜನ್ ಮುಗಿದುಹೋಗುವುದರಿಂದ, ಲೋಹವನ್ನು ಮೊಟ್ಟೆಯ ಚಿಪ್ಪಿನಂತೆ ಗುಳಿಗೆಯ ಹೊರಪದರಕ್ಕೆ ಮಾತ್ರ ಸೀಮಿತಗೊಳಿಸುವುದು ಪದ್ಧತಿ. ಇದರಿಂದ ಲೋಹದ ಉಳಿತಾಯವಾಗುವುದಲ್ಲದೆ, ಆಕ್ಸಿಜನ್ ಇಲ್ಲದ ಒಳರಂಧ್ರಗಳಲ್ಲಿ ಹೈಡ್ರೊಕಾರ್ಬನ್ ಅಣುಗಳು ಲೋಹದೊಂದಿಗೆ ಬಹುಕಾಲ ನಿಂತು ಇಂಗಾಲವಾಗುವುದೂ ತಪ್ಪುತ್ತದೆ. ಗುಳಿಗೆಗಳ ಬದಲು ನೂರಾರು ಸಮಾಂತರ ಸುರಂಗಗಳುಳ್ಳ ಕಾರ್ಡಿಯರೈಟ್ ಎಂಬ ಪಿಂಗಾಣಿ ಅಥವಾ ಲೋಹದ ತಗಡಿನ ಏಕಶಿಲೆಗಳ ಗೋಡೆಗಳ ಮೇಲೆ ಕ್ರಿಯಾವರ್ಧಕವನ್ನು ಲೇಪಿಸಿದರೆ ಒತ್ತಡದ ನಷ್ಟ ಕಡಿಮೆಯಾಗುತ್ತದೆ.

ವಿಧಗಳು

ಪ್ಲಾಟಿನಮ್ ವರ್ಗದ ಲೋಹಗಳು. ಪಲ್ಲೇಡಿಯಮ್ ಮತ್ತು ಪ್ಲಾಟಿನಮ್ ಇವುಗಳಲ್ಲಿ ಮುಖ್ಯವಾದವು, ತೂಕದ ಶೇ. 1ಕ್ಕಿಂತಲೂ ಕಡಿಮೆ ಲೋಹ ಬಹುತೇಕ ಬಳಕೆಗಳಿಗೆ ಸಾಕು. ಮೀಥೇನ್ ಪ್ರವಾಹಗಳಿಗೆ ಇವೇ ಸೂಕ್ತ. ಎಥಿಲೀನ್ ಪ್ರವಾಹಕ್ಕೆ ಹೈಡ್ರೊಜನ್ ಸೇರಿಸಿ ಪಲ್ಲೇಡಿಯಮ್ ಮೇಲೆ ಹಾಯಿಸಿದರೆ ಮಾತ್ರ ಅಪಾಯವಿದೆ: ಆಕ್ಸಿಜನ್ ಮುಗಿದ ತಕ್ಷಣ ಉಳಿದ ಹೈಡ್ರೊಜನ್ ಎಥಿಲೀನನ್ನು ಈಥೇನ್ ಮಾಡುತ್ತದೆ, ಪ್ರತಿ ಮೋಲಿಗೆ ಸುಮಾರು 136 ಕಿಲೊಜೂಲ್ ಉಷ್ಣ ಬಿಡುಗಡೆಯಾಗಿ ಹಾಸು ಕೈಮೀರಿ ಬಿಸಿಯಾಗಬಹುದು. ಬೆಳ್ಳಿಯನ್ನು ಮಿಶ್ರಲೋಹವಾಗಿ ಸೇರಿಸುವುದರಿಂದ ಅಥವಾ ಪ್ರವಾಹದಲ್ಲಿ ಸ್ವಲ್ಪ ಕಾರ್ಬನ್ ಮೊನಾಕ್ಸೈಡ್ ಇರುವುದರಿಂದ ಈ ಪ್ರವೃತ್ತಿ ತಗ್ಗುತ್ತದೆ.

ತಾಮ್ರ. ಅಪಕರ್ಷಿತ ತಾಮ್ರ ಕೋಣೆಯ ತಾಪದಿಂದ ಸುಮಾರು 200 ಡಿಗ್ರಿವರೆಗೆ ಆಕ್ಸಿಜನ್ನನ್ನು ಹೀರಿ ಆಕ್ಸೈಡಾಗುತ್ತದೆ. ಒಂದು ಕಿಲೋಗ್ರಾಮ್ ತಾಮ್ರ ಪೂರ್ತಿಯಾಗಿ ಕ್ಯೂಪ್ರಿಕ್ ಆಕ್ಸೈಡ್ ಆದರೆ ಸುಮಾರು 250 ಗ್ರಾಮ್ ಆಕ್ಸಿಜನ್ನನ್ನು ಹಿಡಿಯುತ್ತದೆ, ಆದರೆ ಕಡಿಮೆ ತಾಪದಲ್ಲಿ ಹೊರಪದರ ಮಾತ್ರ ಆಕ್ಸೈಡಾಗುವುದರಿಂದ ಬಳಕೆಯಲ್ಲಿ ದೊರೆಯುವುದು ಇದರ ಒಂದು ಅಂಶವಷ್ಟೆ. ತಾಮ್ರ ಎಥಿಲೀನನ್ನು ಸುಲಭವಾಗಿ ಹೈಡ್ರೊಜನೀಕರಿಸುವುದಿಲ್ಲ, ದಹಿಸುವುದೂ ಇಲ್ಲ. ಪಾಲಿಮರ್ ದರ್ಜೆಯ ಅನಿಲಗಳ ಕೊನೆಯ ಹಂತದ ಶುದ್ಧೀಕರಣಕ್ಕೆ ಅದನ್ನು ಆರಿಸುವುದು ಈ ಕಾರಣದಿಂದ. ಪುನಶ್ಚೇತನಕ್ಕೆ ನೈಟ್ರೊಜನ್‌ನಲ್ಲಿ ಅಲ್ಪ ಹೈಡ್ರೊಜನ್ ಬೆರೆಸಿ ಹಾಯಿಸುತ್ತಾರೆ. ಈ ಅಪಕರ್ಷಣವೂ ಬಹಿರುಷ್ಣಕವಾದ್ದರಿಂದ ಹೈಡ್ರೊಜನ್ನನ್ನು ಅವಸರದಿಂದ ಏರಿಸಿದರೆ ತಾಮ್ರದ ಕಣಗಳು ಪರಸ್ಪರ ಬೆಸೆದು ಹಾಸು ಹಾಳಾಗುತ್ತದೆ. ಅಪಕರ್ಷಿತ ತಾಮ್ರಕ್ಕೆ ಒಮ್ಮೆಲೇ ವಾಯು ತಗುಲಿದರೆ ಅದು ತಾನಾಗಿ ಹೊತ್ತಿಕೊಳ್ಳಬಲ್ಲದು, ಅಸಿಟಿಲೀನ್ ಹೆಚ್ಚಾಗಿರುವ ಪ್ರವಾಹದಲ್ಲಿ ಸ್ಫೋಟಕವಾದ ತಾಮ್ರ ಅಸಿಟಿಲೈಡ್ ಉಂಟಾಗುವ ಸಾಧ್ಯತೆಯೂ ಇದೆ.

ನಿಕ್ಕಲ್ ಮತ್ತು ಸಲ್ಫೈಡುಗಳು. ಶುದ್ಧೀಕರಣಾಗಾರದ ಅನಿಲದಲ್ಲಿ ಆಕ್ಸಿಜನ್, ನೈಟ್ರೊಜನ್ ಆಕ್ಸೈಡುಗಳು, ಅಸಿಟಿಲೀನ್, ಗಂಧಕದ ಸಂಯುಕ್ತಗಳು ಎಲ್ಲವೂ ಒಟ್ಟಿಗಿರುತ್ತವೆ. ಗಂಧಕವನ್ನು ಶತ್ರುವೆಂದು ದೂರವಿಡುವ ಬದಲು ಅದನ್ನೇ ಕ್ರಿಯಾವರ್ಧಕದ ಭಾಗವಾಗಿಸಿಕೊಂಡದ್ದು ಇಲ್ಲಿನ ಜಾಣ್ಮೆ: ಭಾಗಶಃ ಸಲ್ಫೈಡಾಗಿಸಿದ ನಿಕ್ಕಲ್ ಅಥವಾ ತಾಮ್ರ, ಎಥಿಲೀನನ್ನು ಹೈಡ್ರೊಜನೀಕರಿಸುವ ಅತಿಚಟುವಟಿಕೆಯನ್ನು ಕಳೆದುಕೊಂಡು, ಅನಿಲದಲ್ಲಿ ಮೊದಲೇ ಇರುವ ಹೈಡ್ರೊಜನ್ನಿನ ಸಹಾಯದಿಂದ ಆಕ್ಸಿಜನ್ನನ್ನೂ ನೈಟ್ರೊಜನ್ ಆಕ್ಸೈಡುಗಳನ್ನೂ ಅಸಿಟಿಲೀನನ್ನೂ ಒಟ್ಟಿಗೆ ನಿವಾರಿಸುತ್ತದೆ. ಲೋಹರೂಪದ ನಿಕ್ಕಲ್ಲನ್ನು ಕಾರ್ಬನ್ ಮೊನಾಕ್ಸೈಡ್ ಇರುವ ಪ್ರವಾಹದಲ್ಲಿ ಕಡಿಮೆ ತಾಪದಲ್ಲಿ ಬಳಸಬಾರದು; ಅತ್ಯಂತ ವಿಷಕರವಾದ ನಿಕ್ಕಲ್ ಕಾರ್ಬೊನಿಲ್ ಆವಿ ಹುಟ್ಟುತ್ತದೆ.

ಆಕ್ಸೈಡುಗಳು. ಮ್ಯಾಂಗನೀಸ್ ಆಕ್ಸೈಡ್ ಮತ್ತು ಪೆರೊವ್‌ಸ್ಕೈಟ್ ವರ್ಗದ ಮಿಶ್ರ ಆಕ್ಸೈಡುಗಳು ಅಗ್ಗವಾದರೂ ಪ್ಲಾಟಿನಮ್ ಲೋಹಗಳಿಗಿಂತ ಹೆಚ್ಚಿನ ತಾಪವನ್ನು ಬೇಡುತ್ತವೆ.

ನಿಷ್ಕ್ರಿಯಗೊಳ್ಳುವಿಕೆ

ಕ್ರಿಯಾವರ್ಧಕದ ಆಯುಸ್ಸನ್ನು ಮೊಟಕುಗೊಳಿಸುವ ಕಾರಣಗಳಲ್ಲಿ ಮೊದಲನೆಯದು ಕಣಗಳ ಬೆಸೆತ. ಲೋಹದ ಕರಗುಬಿಂದುವಿನ (ಕೆಲ್ವಿನ್ ಮಾನದಲ್ಲಿ) ಅರ್ಧದಷ್ಟು ತಾಪವನ್ನು ತಾಮ್ಮಾನ್ ತಾಪವೆನ್ನುತ್ತಾರೆ. ಅದನ್ನು ಸಮೀಪಿಸಿದಂತೆ ಪರಮಾಣುಗಳು ಚಲಿಸತೊಡಗಿ ಸಣ್ಣ ಕಣಗಳು ದೊಡ್ಡವಾಗುತ್ತವೆ. ತಾಮ್ರಕ್ಕೆ ಇದು ಸುಮಾರು 406, ನಿಕ್ಕಲ್‌ಗೆ 591, ಪಲ್ಲೇಡಿಯಮ್‌ಗೆ 641, ಪ್ಲಾಟಿನಮ್‌ಗೆ 748 ಡಿಗ್ರಿ. ಅತಿ ಸೂಕ್ಷ್ಮ ಕಣಗಳು ಇದಕ್ಕೂ ಕೆಳಗೆ ಬೆಸೆಯುವುದರಿಂದ ತಾಮ್ರವನ್ನು 300 ಡಿಗ್ರಿ ದಾಟದಂತೆ ಕಾಯುವುದು ವಾಡಿಕೆ. ಮೀಥೇನನ್ನು ಉರಿಸಲು ತಾಮ್ರವನ್ನು ಬಿಟ್ಟು ದುಬಾರಿ ಲೋಹಗಳನ್ನು ಅವಲಂಬಿಸಬೇಕಾಗಿರುವುದಕ್ಕೆ ಈ ಅಂಕಿಗಳೇ ಉತ್ತರ.

ಎರಡನೆಯದು ವಿಷಗಳು, ಅಂದರೆ ಮೇಲ್ಮೈಗೆ ಬಲವಾಗಿ ಅಂಟಿ ಕ್ರಿಯಾಸ್ಥಾನಗಳನ್ನು ಮುಚ್ಚುವ ಕಲ್ಮಶಗಳು. ಹೈಡ್ರೊಜನ್ ಸಲ್ಫೈಡ್ ಪಲ್ಲೇಡಿಯಮ್ ಮತ್ತು ತಾಮ್ರಗಳಿಗೆ ಮಾರಕ. ಅದನ್ನು ಸಕ್ರಿಯ ಇದ್ದಿಲು ಅಥವಾ ಸತುವಿನ ಆಕ್ಸೈಡಿನಿಂದ ಮೊದಲೇ ತೆಗೆಯಬೇಕು. ಆರ್ಸೀನ್, ಪಾದರಸ, ಕ್ಲೋರಿನ್ ಸಂಯುಕ್ತಗಳು ಇದೇ ವರ್ಗದವು. ಕಸದ ರಾಶಿಯ ಅನಿಲದಲ್ಲಿ ಶಾಂಪೂ ಮತ್ತು ಪ್ರಸಾಧನಗಳಿಂದ ಬರುವ ಸಿಲಾಕ್ಸೇನ್‌ಗಳು ಉರಿದು ಮರಳಿನ ದ್ರವ್ಯವಾದ ಸಿಲಿಕವಾಗಿ ರಂಧ್ರಗಳನ್ನು ಶಾಶ್ವತವಾಗಿ ಮುಚ್ಚುತ್ತವೆ, ಇದಕ್ಕೆ ಪುನಶ್ಚೇತನವಿಲ್ಲ. ಮೂರನೆಯದು ಇಂಗಾಲದ ಶೇಖರಣೆ. ಆಧಾರಕದ ಆಮ್ಲೀಯ ಸ್ಥಾನಗಳೂ ಪ್ರವಾಹದ ದ್ವಿಬಂಧಯುಕ್ತ ಅಣುಗಳೂ ಇದಕ್ಕೆ ಕಾರಣ. ಕ್ರಿಯೆಯಿಂದಲೇ ಹುಟ್ಟುವ ನೀರು ಪಲ್ಲೇಡಿಯಮ್ ಆಕ್ಸೈಡಿನ ಮೇಲೆ ಹೈಡ್ರಾಕ್ಸೈಡ್ ಪದರವನ್ನು ಉಂಟುಮಾಡಿ ಕಡಿಮೆ ತಾಪದ ಚಟುವಟಿಕೆಯನ್ನು ತಗ್ಗಿಸುವುದು ನಾಲ್ಕನೆಯ ಕಾರಣ.

ಸುಧಾರಣೆಯ ಮಾರ್ಗಗಳು

ಲೋಹವನ್ನು ಬದಲಿಸುವುದಕ್ಕಿಂತ ಲೋಹ ಕುಳಿತ ನೆಲವನ್ನು ಬದಲಿಸುವುದರಿಂದಲೇ ಹೆಚ್ಚಿನ ಸುಧಾರಣೆ ಸಾಧ್ಯವಾಗಿದೆ. ಸೀರಿಯಮ್ ಆಕ್ಸೈಡ್ ಇದಕ್ಕೆ ಪ್ರಮುಖ ನಿದರ್ಶನ. ಸೀರಿಯಮ್ ನಾಲ್ಕು ಮತ್ತು ಮೂರು ಧನಾವೇಶಗಳ ನಡುವೆ ಸುಲಭವಾಗಿ ಬದಲಾಗುವುದರಿಂದ ಅದರ ಆಕ್ಸೈಡ್ ಆಕ್ಸಿಜನ್ನನ್ನು ತೆಗೆದುಕೊಂಡು, ಬೇಕಾದಾಗ ಪಕ್ಕದ ಲೋಹಕಣಕ್ಕೆ ಬಿಟ್ಟುಕೊಡುತ್ತದೆ. ಆಕ್ಸಿಜನ್ ಲೇಶಮಾತ್ರ ಉಳಿದಿರುವ ಹಾಸಿನ ಕೊನೆಯ ಭಾಗದಲ್ಲಿ ಈ ಗುಣ ಬಹಳ ಉಪಯುಕ್ತ: ಅನಿಲದಿಂದ ಆಕ್ಸಿಜನ್ನನ್ನು ಹಿಡಿಯುವ ಕೆಲಸ ಆಧಾರಕದ್ದು, ದಹ್ಯ ಅಣುವನ್ನು ಸಕ್ರಿಯಗೊಳಿಸುವ ಕೆಲಸ ಲೋಹದ್ದು ಎಂಬ ವಿಭಜನೆಯಿಂದ ಎರಡೂ ಒಂದೇ ಸ್ಥಾನಕ್ಕಾಗಿ ಸ್ಪರ್ಧಿಸುವುದು ತಪ್ಪುತ್ತದೆ. ಜಿರ್ಕೋನಿಯಮ್ ಸೇರಿಸಿದರೆ ಸೀರಿಯದ ಉಷ್ಣಸ್ಥಿರತೆ ಹೆಚ್ಚುತ್ತದೆ. ಲ್ಯಾಂಥನಮ್ ಸೇರಿಸಿದರೆ ಅಲ್ಯೂಮಿನ ಅಧಿಕ ತಾಪದಲ್ಲಿ ರಂಧ್ರಗಳನ್ನು ಕಳೆದುಕೊಳ್ಳುವುದು ನಿಧಾನವಾಗುತ್ತದೆ. ಪೊಟ್ಯಾಸಿಯಮ್ ಆಮ್ಲೀಯ ಸ್ಥಾನಗಳನ್ನು ತಣಿಸಿ ಇಂಗಾಲದ ಶೇಖರಣೆಯನ್ನು ತಡೆಯುತ್ತದೆ.

ಲೋಹವನ್ನು ಕಣವಾಗಿ ಇಡದೆ ಆಧಾರಕದ ಜಾಲಕದೊಳಗೇ ಅಯಾನ್ ರೂಪದಲ್ಲಿ ಸೇರಿಸುವ ವಿಚಾರವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ಎಸ್. ಹೆಗ್ಡೆ ಮತ್ತು ಅವರ ಸಹೋದ್ಯೋಗಿಗಳು ವಿಸ್ತಾರವಾಗಿ ಬೆಳೆಸಿದ್ದಾರೆ. ಸೀರಿಯ ಅಥವಾ ಟೈಟಾನಿಯದಲ್ಲಿ ಶೇ. 1ರಿಂದ 2ರಷ್ಟು ಸ್ಥಾನಗಳಲ್ಲಿ ಪಲ್ಲೇಡಿಯಮ್ ಅಥವಾ ಪ್ಲಾಟಿನಮ್ ಅಯಾನುಗಳನ್ನು ಕೂರಿಸಿದ ಈ ವಸ್ತುಗಳಲ್ಲಿ ಪ್ರತಿಯೊಂದು ಲೋಹ ಪರಮಾಣುವೂ ಬಿಡಿಬಿಡಿಯಾಗಿ ಚದರಿರುತ್ತದೆ, ಮತ್ತು ಅದರ ನೆರೆಯ ಆಕ್ಸಿಜನ್ ಸಡಿಲಗೊಳ್ಳುತ್ತದೆ. ಇವನ್ನು ತಯಾರಿಸಲು ಬಳಸಿದ ದ್ರಾವಣ ದಹನ ವಿಧಾನವನ್ನು ಅದೇ ಸಂಸ್ಥೆಯ ಕೆ. ಸಿ. ಪಾಟೀಲರು 1980ರ ದಶಕದಲ್ಲಿ ರೂಪಿಸಿದರು. ಲೋಹದ ನೈಟ್ರೇಟುಗಳನ್ನು ಒಂದು ಸಾವಯವ ಇಂಧನದೊಂದಿಗೆ ಕರಗಿಸಿ ಹೊತ್ತಿಸಿದಾಗ ಕೆಲವೇ ನಿಮಿಷಗಳಲ್ಲಿ ನುಣ್ಣನೆಯ ಆಕ್ಸೈಡ್ ಪುಡಿ ದೊರೆಯುತ್ತದೆ. ಕಾರ್ಬನ್ ಮೊನಾಕ್ಸೈಡಿನ ಉತ್ಕರ್ಷಣ, ಹೈಡ್ರೊಜನ್–ಆಕ್ಸಿಜನ್ ಮರುಸಂಯೋಗ ಮುಂತಾದ ಕ್ರಿಯೆಗಳಲ್ಲಿ ಈ ವಸ್ತುಗಳನ್ನು ಪರೀಕ್ಷಿಸಲಾಗಿದೆ. ಅವುಗಳ ಹಿಂದಿನ ತತ್ತ್ವ ಹೈಡ್ರೊಕಾರ್ಬನ್ ಪ್ರವಾಹಗಳಿಗೂ ನೇರವಾಗಿ ಸಂಬಂಧಿಸಿದುದು, ಆದರೆ ಅಪಕರ್ಷಕವಾದ ಅನಿಲದಲ್ಲಿ ಅಧಿಕ ತಾಪಕ್ಕೆ ಒಳಗಾದಾಗ ಅಯಾನುಗಳು ಜಾಲಕದಿಂದ ಹೊರಬಂದು ಕಣಗಳಾಗದಂತೆ ನೋಡಿಕೊಳ್ಳಬೇಕಾಗುತ್ತದೆ.

ಉಪಯೋಗಗಳು

ಜೈವಿಕ ಅನಿಲವನ್ನು ಕೊಳವೆಜಾಲಕ್ಕೆ ಸೇರಿಸುವುದು ಇಂದು ವೇಗವಾಗಿ ಬೆಳೆಯುತ್ತಿರುವ ಉಪಯೋಗ. ಯೂರೋಪಿನ ಇಎನ್ 16726 ಮಾನಕದಂತೆ, ಭೂಗತ ಸಂಗ್ರಹಾಗಾರದಂಥ ಸೂಕ್ಷ್ಮ ತಾಣಗಳಿಗೆ ಹರಿಯಬಹುದಾದ ಅನಿಲದಲ್ಲಿ ಆಕ್ಸಿಜನ್ 10 ಪಿಪಿಎಂ ಮೀರಬಾರದು. ಅಂಥ ಸಂಬಂಧವಿಲ್ಲದ ಕಡೆ ಶೇ. 1ರ ವರೆಗೂ ಅವಕಾಶವಿದೆ. ಈ ಎರಡು ಮಿತಿಗಳ ನಡುವೆ ಸಾವಿರ ಪಟ್ಟು ಅಂತರವಿದ್ದು, ಕ್ರಿಯಾವರ್ಧಕ ಘಟಕ ಬೇಕೇ ಬೇಡವೇ ಎಂಬುದು ಅದರಿಂದ ತೀರ್ಮಾನವಾಗುತ್ತದೆ.

ಗಣಿ ಅನಿಲದ ವಿಷಯದಲ್ಲಿ ಚೀನಾದ ಅಗತ್ಯ ದೊಡ್ಡದು. ವಾಯುವಿನಲ್ಲಿ ಮೀಥೇನ್ ಶೇ. 5ರಿಂದ 15ರ ನಡುವೆ ಇದ್ದಾಗ ಸ್ಫೋಟಿಸುತ್ತದೆ, ಒತ್ತಡ ಮತ್ತು ತಾಪ ಹೆಚ್ಚಿದಂತೆ ಈ ವ್ಯಾಪ್ತಿ ಹಿಗ್ಗುತ್ತದೆ. ಆಕ್ಸಿಜನ್ ಇರುವಂತೆಯೇ ಅಂಥ ಅನಿಲವನ್ನು ಒತ್ತಿ ದ್ರವೀಕರಿಸುವುದು ಅಪಾಯಕರ. ಆದ್ದರಿಂದ ಮೊದಲು ಕಡಿಮೆ ಒತ್ತಡದಲ್ಲಿ ಕ್ರಿಯಾವರ್ಧಕದ ಮೂಲಕ ಆಕ್ಸಿಜನ್ನನ್ನು ತೆಗೆದು ನಂತರ ಮೀಥೇನನ್ನು ಸಾಂದ್ರಗೊಳಿಸುವ ವಿಧಾನಗಳನ್ನು ಅಲ್ಲಿ ಅಭಿವೃದ್ಧಿಪಡಿಸಲಾಗಿದೆ. ಭಾರತದ ರಾಣಿಗಂಜ್ ಮತ್ತು ಝರಿಯಾ ಪ್ರದೇಶಗಳಲ್ಲಿ ಗಣಿ ತೋಡದ ಪದರಗಳಿಂದ ಕೊಳವೆಬಾವಿಗಳ ಮೂಲಕ ತೆಗೆಯುವ ಕಲ್ಲಿದ್ದಲು ಪದರದ ಮೀಥೇನನ್ನು ಇದರೊಂದಿಗೆ ಗೊಂದಲ ಮಾಡಿಕೊಳ್ಳಬಾರದು. ಅದರಲ್ಲಿ ವಾಯು ಬೆರೆತಿರುವುದಿಲ್ಲ.

ಪೆಟ್ರೊರಾಸಾಯನಿಕ ಉದ್ಯಮದಲ್ಲಿ ಶುದ್ಧೀಕರಣಾಗಾರದ ಅನಿಲದಿಂದ ಎಥಿಲೀನ್ ಮತ್ತು ಈಥೇನ್ ಮರಳಿ ಪಡೆಯುವ ಮುನ್ನ, ಹಾಗೂ ಪಾಲಿಮರ್ ಘಟಕಗಳಿಗೆ ಹೋಗುವ ಅನಿಲದ ಅಂತಿಮ ಶುದ್ಧೀಕರಣದಲ್ಲಿ ಈ ಕ್ರಿಯಾವರ್ಧಕಗಳು ಅನಿವಾರ್ಯ. ಕರ್ನಾಟಕದಲ್ಲಿ ಮಂಗಳೂರು ತೈಲ ಶುದ್ಧೀಕರಣಾಗಾರದ, 2015ರಲ್ಲಿ ಆರಂಭವಾದ ವಾರ್ಷಿಕ 4.4 ಲಕ್ಷ ಟನ್ ಸಾಮರ್ಥ್ಯದ ಪಾಲಿಪ್ರೊಪಿಲೀನ್ ಘಟಕದಂಥ ಸ್ಥಾವರಗಳು ಲೇಶ ಕಲ್ಮಶಗಳ ಕಟ್ಟುನಿಟ್ಟಾದ ನಿಯಂತ್ರಣವನ್ನು ಬೇಡುವ ಉದ್ಯಮದ ಭಾಗ.

ಮಾಪನ

ಹೊರಬರುವ ಅನಿಲದ ಆಕ್ಸಿಜನ್ನನ್ನು ನಿರಂತರವಾಗಿ ಅಳೆಯದೆ ಯಾವ ಘಟಕವನ್ನೂ ನಡೆಸಲಾಗದು. ಕುಲುಮೆಗಳಲ್ಲಿ ಸಾಮಾನ್ಯವಾದ ಬಿಸಿ ಜಿರ್ಕೋನಿಯ ಸಂವೇದಕ ಇಲ್ಲಿ ನಿರುಪಯುಕ್ತ. ಅದರ ಬಿಸಿಯಾದ ಪ್ಲಾಟಿನಮ್ ವಿದ್ಯುದ್ವಾರದ ಮೇಲೆ ಅನಿಲವೇ ಆಕ್ಸಿಜನ್ನನ್ನು ಉರಿಸಿ ತಪ್ಪು ಅಂಕಿ ಬರುತ್ತದೆ. ವಿದ್ಯುದ್ರಾಸಾಯನಿಕ ಕೋಶ, ಶೇಕಡಾ ಮಟ್ಟದಲ್ಲಿ ಆಕ್ಸಿಜನ್ನಿನ ಕಾಂತೀಯ ಗುಣವನ್ನು ಆಧರಿಸಿದ ಉಪಕರಣ, 760 ನ್ಯಾನೊಮೀಟರ್ ತರಂಗದೂರದ ಲೇಸರ್ ಬೆಳಕಿನ ಹೀರಿಕೆಯನ್ನು ಅಳೆಯುವ ಉಪಕರಣ ಇವು ಬಳಕೆಯಲ್ಲಿವೆ.

ಇಂದಿನ ಸ್ಥಿತಿ

ಭಾರತದಲ್ಲಿ 2018ರ ಅಕ್ಟೋಬರ್‌ನಲ್ಲಿ ಆರಂಭವಾದ ಸತತ್ ಯೋಜನೆಯಡಿ ಕೃಷಿತ್ಯಾಜ್ಯ, ಸಗಣಿ, ಸಕ್ಕರೆ ಕಾರ್ಖಾನೆಗಳ ಮಡ್ಡಿ ಮತ್ತು ನಗರದ ಕಸದಿಂದ ಸಂಪೀಡಿತ ಜೈವಿಕ ಅನಿಲ ತಯಾರಿಸುವ ಸ್ಥಾವರಗಳಿಗೆ ಪ್ರೋತ್ಸಾಹ ದೊರೆತಿದೆ. ಐಎಸ್ 16087 ಮಾನಕದಂತೆ ಇಂಥ ಅನಿಲದಲ್ಲಿ ಮೀಥೇನ್ ಕನಿಷ್ಠ ಶೇ. 90 ಇರಬೇಕು, ಆಕ್ಸಿಜನ್ ಶೇ. 0.5ನ್ನು ಮೀರಬಾರದು. ಈ ಮಿತಿಯನ್ನು ಸೋರಿಕೆಯಿಲ್ಲದ ಜೀರ್ಣಕಗಳಿಂದಲೂ ಎಚ್ಚರದ ವಾಯುಪೂರಣದಿಂದಲೂ ಬಹುತೇಕ ಪಾಲಿಸಬಹುದು. ಕಸದ ರಾಶಿಯ ಅನಿಲಕ್ಕೆ ಮಾತ್ರ ಅದು ಕಷ್ಟ. ನಗರ ಅನಿಲ ವಿತರಣೆಯಲ್ಲಿ ಜೈವಿಕ ಅನಿಲದ ಮಿಶ್ರಣವನ್ನು 2025–26ರಲ್ಲಿ ಶೇ. 1ರಿಂದ ಆರಂಭಿಸಿ 2028–29ರ ವೇಳೆಗೆ ಶೇ. 5ಕ್ಕೆ ಏರಿಸುವ ಕಡ್ಡಾಯ ನೀತಿಯನ್ನು 2023ರ ನವೆಂಬರ್‌ನಲ್ಲಿ ಪ್ರಕಟಿಸಲಾಗಿದೆ.

ಹೈಡ್ರೊಜನ್ ದೊರೆಯದ ಸಣ್ಣ ಜೈವಿಕ ಅನಿಲ ಸ್ಥಾವರಗಳಲ್ಲಿ ಮೀಥೇನನ್ನೇ ಉರಿಸಿ ಆಕ್ಸಿಜನ್ ತೆಗೆಯಬೇಕಾದ್ದರಿಂದ, ಕ್ರಿಯೆ ಆರಂಭವಾಗುವ ತಾಪವನ್ನು ಇನ್ನಷ್ಟು ಇಳಿಸುವುದು, ಗಂಧಕ ಮತ್ತು ಸಿಲಾಕ್ಸೇನ್‌ಗಳ ಲೇಶಗಳನ್ನು ಸಹಿಸುವ ಮೇಲ್ಮೈಗಳನ್ನು ರೂಪಿಸುವುದು, ಪ್ಲಾಟಿನಮ್ ಲೋಹಗಳ ಪ್ರಮಾಣವನ್ನು ತಗ್ಗಿಸುವುದು ಇವು ಸದ್ಯದ ಸಂಶೋಧನೆಯ ಮುಖ್ಯ ದಿಕ್ಕುಗಳು. ಆಧಾರಕದ ಮೇಲೆ ಒಂಟಿ ಪರಮಾಣುಗಳಾಗಿ ಲೋಹವನ್ನು ನೆಲೆಗೊಳಿಸುವ ಪ್ರಯೋಗಗಳು ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೊಜನ್‌ಗಳ ವಿಷಯದಲ್ಲಿ ಫಲ ಕೊಟ್ಟಿದ್ದರೂ, ಮೀಥೇನಿನ ಬಂಧವನ್ನು ಮುರಿಯಲು ಒಂದಕ್ಕಿಂತ ಹೆಚ್ಚು ನೆರೆಯ ಸ್ಥಾನಗಳು ಬೇಕಾಗುವುದರಿಂದ ಅಲ್ಲಿ ಕೆಲವು ಪರಮಾಣುಗಳ ಗುಚ್ಛಗಳತ್ತಲೂ ಮಿಶ್ರಲೋಹಗಳತ್ತಲೂ ಗಮನ ತಿರುಗಿದೆ.